ಜನ್ಮ ದಿನಾಂಕದ ವ್ಯತ್ಯಾಸದ ಬಗ್ಗೆ

ನಾನು ಓದಿ ಹೇಳಿದೆ, ಅಕ್ಕಾರು ಟೈಪ್ ಮಾಡಿದರು. ನಡೆದದ್ದು ಇಷ್ಟೇ. ಒಂದೊಂದೇ ಅಕ್ಷರ, ಒಂದೊಂದೇ ಚುಕ್ಕೆ, ನಡುವೆ ಒಂದು ಓರೆಗೆರೆ. ಈಗಲೂ ಅನ್ನಕ್ಕಿಟ್ಟು ಕುಕ್ಕರಿನ ಸೀಟಿಗೆ ಕಾಯುವಾಗ ನನ್ನ ಬಾಯಿ ತಾನಾಗಿಯೇ ಆ ಅಕ್ಷರಗಳನ್ನು ಒಪ್ಪಿಸತೊಡಗುತ್ತದೆ. ಕೊನೆಯ ಅಕ್ಷರದ ಹತ್ತಿರ ನಿಲ್ಲಿಸಲು ನೋಡುತ್ತೇನೆ. ಅಷ್ಟರಲ್ಲಿ ಅವರು ಎಂಟರ್ ಒತ್ತಿಬಿಟ್ಟಿರುತ್ತಾರೆ.

ಕುಷ್ಟಗಿಯ ಒಂದು ಅನುದಾನಿತ ಕಾಲೇಜಿನ ಕಚೇರಿಗೆ ನಾನು ಗುಮಾಸ್ತನಾಗಿ ಸೇರಿದ್ದು 1997ರಲ್ಲಿ. ಗಂಗಾವತಿಯವನು. ಅಲ್ಲಿನ ಅಕ್ಕಿ ಗಿರಣಿಯೊಂದರಲ್ಲಿ ಹಮಾಲರ ಮೇಸ್ತ್ರಿಯಾಗಿದ್ದ ಅಪ್ಪ ನಾನು ಬಿ.ಎ. ಮುಗಿಸುವುದನ್ನು ನೋಡಿ ಹೋದರು, ಅವ್ವ ನೌಕರಿ ಸಿಕ್ಕಿದ್ದನ್ನು ನೋಡಿ ಹೋದಳು. ಮದುವೆಯ ಮಾತು ಎರಡು ಸಲ ಬಂದು ಎರಡು ಸಲವೂ ತಾನಾಗಿಯೇ ತಣ್ಣಗಾಯಿತು. ಬಸ್ ನಿಲ್ದಾಣದ ಹಿಂದೆ ಒಂದು ಕೋಣೆ ಹಿಡಿದೆ. ಅದೇ ಕೋಣೆಯಲ್ಲಿ ಇವತ್ತಿಗೂ ಇದ್ದೇನೆ.

ಕಚೇರಿಯಲ್ಲಿ ನನ್ನ ಎದುರಿನ ಮೇಜು ಹೆಡ್ ಕ್ಲರ್ಕರದು. ಯಲಬುರ್ಗಾ ಕಡೆಯ ಹಳ್ಳಿಯವರು, ನನಗಿಂತ ಹದಿನೈದು ವರ್ಷ ದೊಡ್ಡವರು. ಸಣ್ಣ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ಆ ಕುರ್ಚಿಯಲ್ಲಿ ಕೂತು, ಕಾಲೇಜಿನ ಸಮಸ್ತ ಕಾಗದಗಳನ್ನು ಹದ್ದುಬಸ್ತಿನಲ್ಲಿ ಇಟ್ಟಿದ್ದರು. ಎಲ್ಲರೂ ಅವರನ್ನು ಅಕ್ಕಾರು ಎನ್ನುತ್ತಿದ್ದರು. ನನ್ನನ್ನು ಅವರು ಮೊದಲ ದಿನವೇ ತಮ್ಮಾ ಎಂದರು. ಊರಿನಲ್ಲಿ ನನ್ನನ್ನು ಏಕವಚನದಲ್ಲಿ ಕರೆಯುತ್ತಿದ್ದವರು ಅವರೊಬ್ಬರೇ.

ಕಾಲೇಜಿಗೆ ಇಮೇಲ್ ಬಂದಾಗ ಪ್ರಿನ್ಸಿಪಾಲರು ಒಂದು ನಿಯಮ ಮಾಡಿದರು. ಬಂದ ಪ್ರತಿಯೊಂದು ಮೇಲನ್ನೂ ಮುದ್ರಿಸಬೇಕು, ಇನ್‌ವರ್ಡ್ ಪುಸ್ತಕದಲ್ಲಿ ಹತ್ತಿಸಿ ನಂಬರ್ ಕೊಡಬೇಕು, ಟಪಾಲಿನ ಫೈಲಿನಲ್ಲಿ ಅವರ ಮುಂದೆ ಇಡಬೇಕು. ಪರದೆಯ ಮೇಲೆ ಓದಿದ್ದು ಓದಿದಂತಲ್ಲ ಎಂಬುದು ಅವರ ನಂಬಿಕೆ. ನಂಬರ್ ಬಿದ್ದ ಕಾಗದ ಉತ್ತರವಿಲ್ಲದೆ ಉಳಿಯಬಾರದು ಎಂಬುದು ಅಕ್ಕಾರ ನಂಬಿಕೆ.

ಹೀಗಾಗಿ ಯಾವುದೋ ದೇಶದ ದಿವಂಗತ ಸೇನಾಧಿಪತಿಯ ಹೆಂಡತಿ ನಮ್ಮಲ್ಲಿ ವಿಧಿವತ್ತಾಗಿ ಇನ್‌ವರ್ಡ್ ಆದಳು. ತನ್ನ ಗಂಡ ಬಿಟ್ಟುಹೋದ ಹಣದ ಪೆಟ್ಟಿಗೆಗಳನ್ನು ಕುಷ್ಟಗಿಯಲ್ಲಿ ಇಡಲು ಜಾಗ ಬೇಕಿತ್ತು ಆಕೆಗೆ. ಪ್ರಿನ್ಸಿಪಾಲರು ಅಂಚಿನಲ್ಲಿ ‘ಚರ್ಚಿಸಿ’ ಎಂದು ಷರಾ ಬರೆದರು. ಅಕ್ಕಾರು ಚರ್ಚಿಸಿ ಬಂದು, ‘ಸದರಿ ಸೌಲಭ್ಯವು ಈ ಮಹಾವಿದ್ಯಾಲಯದಲ್ಲಿ ಲಭ್ಯವಿರುವುದಿಲ್ಲವೆಂದು ತಮಗೆ ಈ ಮೂಲಕ ತಿಳಿಯಪಡಿಸಲಾಗಿದೆ’ ಎಂದು ಬರೆಸಿದರು. ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಿ ಕಳಿಸಿದೆ. ಮರುದಿನವೇ ಆಕೆಯ ಉತ್ತರ ಬಂತು, ಮೊದಲಿನದಕ್ಕಿಂತ ಉದ್ದ.

“ಪಾಪ, ಭಾಳ ಅಳಾಕತ್ತ್ಯಾಳ ತಮ್ಮಾ,” ಎಂದರು ಅಕ್ಕಾರು.

“ಸುಳ್ಳ ಅಳು ಅಕ್ಕಾರ.”

“ಸುಳ್ಳ ಇರ್ಲಿ. ಅಳೂದಂತೂ ಚಂದ ಅಳತಾಳ. ನಂಬರ್ ಹಾಕು.”

ಆಮೇಲೆ ಕಾಲೇಜಿಗೆ ಲಾಟರಿ ಹೊಡೆಯಿತು. ನಾವು ಕೊಳ್ಳದ ಟಿಕೆಟ್ಟಿಗೆ ನಾವು ನೋಡದ ದೇಶದಲ್ಲಿ ಬಹುಮಾನ. ಪ್ರಿನ್ಸಿಪಾಲರು ಕಾಗದವನ್ನು ಎರಡು ಸಲ ಓದಿ, ಕನ್ನಡಕ ತೆಗೆದು, “ಇದನ್ನ ತಗೊಳ್ಳಾಕ ಇಲಾಖೆ ಪರ್ಮಿಷನ್ ಬೇಕಾಗತೈತೇನ್ರಿ?” ಎಂದು ಅಕ್ಕಾರನ್ನು ಕೇಳಿದರು. “ಬೇಕಾಗತೈತ್ರಿ ಸರ್, ಮೂರು ಪ್ರತಿಯೊಳಗ,” ಎಂದರು ಅಕ್ಕಾರು. ಲಾಟರಿ ಅಲ್ಲಿಗೆ ಸತ್ತಿತು.

ದಿನ ಕಳೆದಂತೆ ನಾವಿಬ್ಬರೂ ಈ ವಿಷಯದಲ್ಲಿ ಪಳಗಿದೆವು. ಹನ್ನೊಂದರ ಚಹಾದ ಹೊತ್ತಿಗೆ ಸುಳ್ಳು ಪತ್ರಗಳನ್ನು ಗಟ್ಟಿಯಾಗಿ ಓದುವುದು, ಬರೆದವನ ಬುದ್ಧಿಗೆ ಅಂಕ ಹಾಕುವುದು. ಸುಳ್ಳು ಕನ್ನಡಕ್ಕೂ ಬಂದಾಗ ನಮಗೆ ಹಬ್ಬ. ‘ಆತ್ಮೀಯ ಬೆಲೆಬಾಳುವ ಗ್ರಾಹಕ, ನಿಮ್ಮ ಖಾತೆಯು ನೋವನ್ನು ಅನುಭವಿಸುತ್ತಿದೆ’ ಎಂದು ಒಂದು ಬಂದಿತ್ತು. ಅಕ್ಕಾರು ನಗುತ್ತ ನಗುತ್ತ ಸೆರಗಿನಿಂದ ಕಣ್ಣು ಒರೆಸಿಕೊಂಡು, “ಅದಕ್ಕ ಒಂದು ಗುಳಿಗಿ ಕೊಡ್ರಪಾ,” ಎಂದಿದ್ದರು.

ಖರೆ ಪತ್ರವನ್ನು ಗುರುತಿಸಲು ಅವರದೇ ಒಂದು ಪರೀಕ್ಷೆ ಇತ್ತು. “ಇಷ್ಟು ವರ್ಷ ಆತು ತಮ್ಮಾ, ಸರಕಾರ ನನಗ ಒಮ್ಮಿನೂ ಪ್ರೀತಿಲೆ ಬರದಿಲ್ಲ. ಖರೇ ಪತ್ರ ಬೈತೈತಿ. ಬೈದ್ರ ಇಟ್ಕೋ, ಪ್ರೀತಿ ಮಾಡಿದ್ರ ಹರಿದು ಒಗಿ.” ನಿಜವೇ. ನಮಗೆ ಬರುವ ಸುತ್ತೋಲೆಗಳೆಲ್ಲ ‘ಈಗಾಗಲೇ ಹಲವಾರು ಬಾರಿ ಸೂಚಿಸಿದ್ದಾಗ್ಯೂ’ ಎಂದೇ ಶುರುವಾಗುತ್ತಿದ್ದವು. ಆ ಪರೀಕ್ಷೆ ಹತ್ತು ಹದಿನೈದು ವರ್ಷ ಒಮ್ಮೆಯೂ ತಪ್ಪಲಿಲ್ಲ.

ಅಕ್ಕಾರು ರಜೆಯಲ್ಲಿ ಇದ್ದಾಗ ಕಚೇರಿಗೆ ಫೋನ್ ಮಾಡುತ್ತಿರಲಿಲ್ಲ, ಎಲ್ಲರ ಕಿವಿಗೆ ಬೀಳುತ್ತದೆಂದು. ತಮ್ಮ ಇಮೇಲಿನಿಂದ ನನಗೆ ಒಂದೆರಡು ಸಾಲು ಬರೆಯುತ್ತಿದ್ದರು. ಯಾವ ಬೀರುವಿನಲ್ಲಿ ಯಾವ ಫೈಲು ಇದೆ, ಯಾರು ಬಂದರೆ ಏನು ಹೇಳಬೇಕು. ಕೊನೆಗೆ ಒಂದು ಸಾಲು, ತಮ್ಮಾ, ಊಟ ಆತೇನ ಎಂದು. ಅವನ್ನು ಮಾತ್ರ ನಾನು ಮುದ್ರಿಸುತ್ತಿರಲಿಲ್ಲ.

ಈಗ ಜೂನ್ ಒಂದರ ವಿಷಯ ಹೇಳಬೇಕು. ನಮ್ಮ ಕಡೆ ಒಂದು ತಲೆಮಾರಿನ ಮಂದಿಯೆಲ್ಲ ಹುಟ್ಟಿದ್ದು ಜೂನ್ ಒಂದಕ್ಕೆ. ಶಾಲೆಗೆ ಹೆಸರು ಹಚ್ಚಲು ಬಂದ ಮಗುವಿನ ಹುಟ್ಟಿದ ದಿನ ತಂದೆತಾಯಿಗೆ ಗೊತ್ತಿರುತ್ತಿರಲಿಲ್ಲ. ಮಾಸ್ತರರು ಮಗುವನ್ನು ಒಮ್ಮೆ ನೋಡಿ, ಅಂದಾಜಿನ ಮೇಲೆ ಒಂದು ವರ್ಷ ಹಿಡಿದು, ಶಾಲೆ ಶುರುವಾಗುವ ದಿನವನ್ನೇ ಬರೆದುಬಿಡುತ್ತಿದ್ದರು. ನಮ್ಮ ಕಚೇರಿಯ ಒಂಬತ್ತು ಮಂದಿಯಲ್ಲಿ ಏಳು ಮಂದಿಗೆ ಅದೇ ಹುಟ್ಟುಹಬ್ಬ. ಇದು ಎಲ್ಲರಿಗೂ ಗೊತ್ತು, ಎಲ್ಲರೂ ನಗುತ್ತಾರೆ.

ಅಕ್ಕಾರು ನಗುತ್ತಿರಲಿಲ್ಲ. ಒಮ್ಮೆ ಮಧ್ಯಾಹ್ನ ಊಟದ ಡಬ್ಬಿ ಮುಚ್ಚುತ್ತ ನನಗೊಬ್ಬನಿಗೇ ಹೇಳಿದ್ದರು. ಅವರು ಹುಟ್ಟಿದ್ದು ಎಳ್ಳಮವಾಸ್ಯೆಯ ದಿನ, ಹೊಲಕ್ಕೆ ನೈವೇದ್ಯದ ಚರಗ ಚೆಲ್ಲಲು ಹೋದ ಬಂಡಿಯಲ್ಲಿ. ಶಾಲೆಗೆ ಹಾಕುವಾಗ ಎಂಟು ತುಂಬಿತ್ತು. ಮಾಸ್ತರರು ಆರು ಎಂದು ಬರೆದರು. “ಕಾಗದದಾಗ ನಾ ಎರಡು ವರ್ಷ ಸಣ್ಣಾಕಿ. ಅಂದ್ರ ಕಡೀ ಎರಡು ವರ್ಷದ ನೌಕರಿ ನಂದಲ್ಲ ತಮ್ಮಾ. ಅದು ಬ್ಯಾರೆ ಯಾರದೋ. ಯಾರರ ಕೇಳಿದ್ರ ನನ್ನ ಕಡೆ ಉತ್ತರಿಲ್ಲ.”

“ಯಾರ್ ಕೇಳತಾರ್ರಿ ಅಕ್ಕಾರ? ಅಂಥಾವರು ಸಾವಿರ ಮಂದಿ ಅದಾರ.”

“ಸಾವಿರ ಮಂದಿ ಇರ್ಲಿ. ಟಪಾಲ್ ತೆರಿಯಾಕಿ ನಾನಽ. ದಿನಾ ಅಂಜಿಕೊಂತನ ತೆರಿತೀನಿ.”

ಒಂದು ಕಪ್ಪು ಚುಕ್ಕೆ ಇಲ್ಲದ ಸೇವಾ ಪುಸ್ತಕ ಅವರದು. ಅದನ್ನು ಹಾಗೆಯೇ ಮುಚ್ಚಿ ಮನೆಗೆ ಹೋಗಬೇಕು ಎಂಬುದಷ್ಟೇ ಅವರ ಆಸೆಯಾಗಿತ್ತು.

ಅವರು ನಿವೃತ್ತರಾಗುವ ವರ್ಷದ ಫೆಬ್ರವರಿಯಲ್ಲಿ ಆ ಪತ್ರ ಬಂತು. ಅವರ ಸ್ವಂತ ಇಮೇಲಿಗೆ ಬಂದಿತ್ತು. ರೂಢಿಯಂತೆ ಮುದ್ರಿಸಿಕೊಂಡು, ನನ್ನ ಮೇಜಿಗೆ ತಂದು, ನಿಂತೇ ಇದ್ದರು. ವಿಷಯ: ಜನ್ಮ ದಿನಾಂಕದ ವ್ಯತ್ಯಾಸದ ಬಗ್ಗೆ. ಮೇಲೆ ಉಲ್ಲೇಖ, ಕಡತದ ಸಂಖ್ಯೆ. ‘ಸದರಿ ನೌಕರರ ಶಾಲಾ ದಾಖಲೆಯಲ್ಲಿನ ಜನ್ಮ ದಿನಾಂಕವು ಸಂಶಯಾಸ್ಪದವಾಗಿರುವುದು ಕಂಡುಬಂದಿದ್ದು, ಈಗಾಗಲೇ ಸೂಚಿಸಿದ್ದಾಗ್ಯೂ ಸ್ಪಷ್ಟನೆ ನೀಡದಿರುವುದು ವಿಷಾದನೀಯ.’ ಇಂದು ಸಂಜೆ ನಾಲ್ಕರೊಳಗೆ ಕೆಳಗಿನ ವೆಬ್ ವಿಳಾಸದಲ್ಲಿ ದೃಢೀಕರಿಸದಿದ್ದರೆ ನಿವೃತ್ತಿಯ ಕಾಗದಪತ್ರಗಳನ್ನು ತಡೆಹಿಡಿಯಲಾಗುವುದು. ಕೆಳಗೆ ಮೂರು ಮಂದಿಗೆ ಪ್ರತಿ.

ನಾನು ಎರಡು ಸಲ ಓದಿದೆ. ನಮ್ಮ ನಿಜವಾದ ಸುತ್ತೋಲೆಗಳಲ್ಲಿ ಕೂಡ ಇಷ್ಟು ಒಪ್ಪವಾದ ವಾಕ್ಯಗಳನ್ನು ನಾನು ನೋಡಿರಲಿಲ್ಲ.

“ಬೈದೈತ್ರಿ ಅಕ್ಕಾರ,” ಎಂದೆ. “ಖರೇ ಇರಬೇಕು.”

ಇದನ್ನು ಹೇಳಿದ್ದು ನಾನು. ಬೇರೆ ಯಾರೂ ಅಲ್ಲ.

ಪತ್ರ ಕಳಿಸಿದವನಿಗೆ ಎಳ್ಳಮವಾಸ್ಯೆ ಗೊತ್ತಿರಲಿಲ್ಲ, ಬಂಡಿ ಗೊತ್ತಿರಲಿಲ್ಲ. ಹುಟ್ಟಿದ ದಿನ ಸಂಶಯ ಎಂದು ಈ ಜಿಲ್ಲೆಯ ನೂರು ನೌಕರರಿಗೆ ಬರೆದರೆ ಎಪ್ಪತ್ತು ಮಂದಿಯ ಎದೆ ಧಸಕ್ಕೆನ್ನುತ್ತದೆ ಎಂಬುದಷ್ಟೇ ಅವನಿಗೆ ಗೊತ್ತಿತ್ತು. ಅಥವಾ ಅದೂ ಗೊತ್ತಿರಲಿಲ್ಲವೋ ಏನೋ. ನಾನು ಅವನನ್ನು ಒಮ್ಮೊಮ್ಮೆ ಭಾಳ ಜಾಣನನ್ನಾಗಿ ಮಾಡಿಕೊಳ್ಳುತ್ತೇನೆ, ನನ್ನ ದಡ್ಡತನ ಸಣ್ಣದಾಗಿ ಕಾಣಲೆಂದು.

ಪ್ರಿನ್ಸಿಪಾಲರಿಗೆ ತೋರಿಸೋಣ ಎಂದೆ. ಅಕ್ಕಾರು ಬೇಡವೆಂದು ತಲೆ ಅಲ್ಲಾಡಿಸಿದರು. ಇನ್‌ವರ್ಡ್ ನಂಬರ್ ಹಾಕಲಿಲ್ಲ. ಅವರು ನಂಬರ್ ಹಾಕದೆ ಬಿಟ್ಟ ಕಾಗದ ನಾನು ಕಂಡದ್ದು ಅದೊಂದೇ.

ಪರದೆಯ ಮೇಲೆ ಓದಿದ್ದರೆ ಆ ಪತ್ರ ಯಾರ ವಿಳಾಸದಿಂದ ಬಂದಿದೆ ಎಂದು ಕಾಣುತ್ತಿತ್ತೇನೋ. ಆದರೆ ನಮ್ಮ ಮುದ್ರಣಯಂತ್ರ ಮೇಲಿನ ಎರಡು ಸಾಲು ತಿಂದುಹಾಕುತ್ತಿತ್ತು, ಮತ್ತು ಇಷ್ಟು ವರ್ಷಗಳಲ್ಲಿ ನಾವು ಕಾಗದವನ್ನೇ ನಂಬಲು ಕಲಿತಿದ್ದೆವು. ಕಾಗದದ ಮೇಲಿನ ಕೊಂಡಿಯನ್ನು ಒತ್ತಲಾಗುವುದಿಲ್ಲವಲ್ಲ. ಹಾಗಾಗಿ ನಾನು ಓದಿ ಹೇಳುವುದು, ಅವರು ಟೈಪ್ ಮಾಡುವುದು ಎಂದಾಯಿತು. ಮೊದಲನೆಯ ಸಲ ಪುಟ ತೆರೆಯಲಿಲ್ಲ. ಒಂದು ಚುಕ್ಕೆ ಬಿಟ್ಟಿದ್ದರು. ಎರಡನೆಯ ಸಲ ನಾನೇ ಒಂದು ಅಕ್ಷರ ತಪ್ಪು ಓದಿದೆ. ಬೇರೆಯವರಿಗೆ ಮೋಸ ಹೋಗಲು ಬೆರಳಿನ ಒಂದು ಒತ್ತು ಸಾಕು. ನಾವು ಅದಕ್ಕಾಗಿ ಅರ್ಧ ತಾಸು ದುಡಿದೆವು.

ಮೂರನೆಯ ಸಲ ತೆರೆಯಿತು. ಲಾಂಛನ, ಗಡಿಗೆರೆ, ಎಲ್ಲ ಸರಿಯಾಗಿತ್ತು. ಹೆಸರು ಕೇಳಿತು, ಇಮೇಲ್ ಕೇಳಿತು, ಅದರ ಪಾಸ್‌ವರ್ಡ್ ಕೇಳಿತು, ಫೋನ್ ನಂಬರ್ ಕೇಳಿತು. ಅಕ್ಕಾರು ಒಂದೊಂದನ್ನೂ ಪರೀಕ್ಷೆ ಬರೆಯುವವರಂತೆ ತುಂಬಿದರು. ಅವರ ಫೋನು ನನ್ನ ಮೇಜಿನ ಮೇಲೆ ಚಾರ್ಜಿಗೆ ಹಾಕಿತ್ತು. ಅದು ಗುಂಯ್‌ಗುಟ್ಟಿತು.

“ಏನ್ ಬಂತು, ಓದು ತಮ್ಮಾ.”

ಆರು ಅಂಕಿ ಓದಿದೆ. ಅದರ ಮುಂದಿನ ಸಾಲನ್ನೂ ಓದಿದೆ: ಈ ಸಂಖ್ಯೆಯನ್ನು ಯಾರಿಗೂ ಹೇಳಬೇಡಿ. ಅದನ್ನೂ ಸುತ್ತೋಲೆಯ ಕೊನೆಯ ಸಾಲಿನಂತೆ ಅದೇ ದನಿಯಲ್ಲಿ ಓದಿದೆ. ಇಬ್ಬರೂ ಕೇಳಿಸಿಕೊಂಡೆವು. ಇಬ್ಬರಿಗೂ ಅದು ಮುಟ್ಟಲಿಲ್ಲ. ಅವರು ಅಂಕಿಗಳನ್ನು ತುಂಬಿದರು.

ಪುಟದ ಮೇಲೆ ಹಸಿರು ಅಕ್ಷರದಲ್ಲಿ ಮೂಡಿತು: ತಮ್ಮ ಸಹಕಾರಕ್ಕೆ ಹೃತ್ಪೂರ್ವಕ ಧನ್ಯವಾದಗಳು.

ಅಕ್ಕಾರು ಕೈ ಕೀಲಿಮಣೆಯ ಮೇಲೆಯೇ ಇಟ್ಟುಕೊಂಡು ಅದನ್ನು ಎರಡು ಸಲ ಓದಿದರು.

“ತಮ್ಮಾ,” ಎಂದರು, “ನಮ್ಮ ಇಲಾಖೆಯವರು ಯಾವಾಗರ ಧನ್ಯವಾದ ಅಂದಾರೇನ?”

ಫೋನು ಮತ್ತೆ ಗುಂಯ್ ಎಂದಿತು, ಮತ್ತೆ, ಮತ್ತೆ. ಪಾಸ್‌ವರ್ಡ್ ಬದಲಾಗಿದೆ. ನಂಬರ್ ಬದಲಾಗಿದೆ. ನನ್ನ ಬೈಕಿನ ಹಿಂದೆ ಎಂದೂ ಕೂರದಿದ್ದ ಅಕ್ಕಾರು ಅವತ್ತು ಕೂತರು. ಅವರ ಬ್ಯಾಂಕ್ ಖಾತೆ ಜೋಡಿಸಿದ್ದು ಅದೇ ಇಮೇಲಿಗೆ. ಬ್ಯಾಂಕಿನಲ್ಲಿ ನಮ್ಮ ಕಾಲೇಜಿನ ಹಳೆಯ ವಿದ್ಯಾರ್ಥಿನಿಯೊಬ್ಬಳು ಇದ್ದಳು. ಏನು ಎತ್ತ ಕೇಳದೆ ಮೊದಲು ಖಾತೆಗೆ ಬೀಗ ಹಾಕಿದಳು. ದುಡ್ಡು ಉಳಿಯಿತು. ಇಮೇಲ್ ಹೋಯಿತು. ಅದರೊಳಗೆ ಅವರ ಸೇವಾ ಪುಸ್ತಕದ ಪುಟಗಳಿದ್ದವು, ಶಾಲೆಯ ದಾಖಲೆ ಇತ್ತು, ನನಗೆ ಬರೆದ ಸಾಲುಗಳಿದ್ದವು.

“ಕೊಪ್ಪಳಕ್ಕ ಹೋಗಿ ಸೈಬರ್ ಪೊಲೀಸರ ಕಡೆ ಕಂಪ್ಲೇಂಟ್ ಕೊಡೂಣ್ರಿ,” ಎಂದೆ.

“ಕೊಟ್ರ ಪತ್ರದಾಗ ಏನಿತ್ತು ಅಂತ ಬರೀಬೇಕು. ಯಾಕ ನಂಬಿದ್ರಿ ಅಂತ ಕೇಳ್ತಾರ. ಏನಂತ ಹೇಳ್ಲಿ? ಮೂರು ತಿಂಗಳ ಐತಿ. ಸುಮ್ಮನ ಇದ್ದುಬಿಡು ತಮ್ಮಾ.”

ಸುಮ್ಮನಿದ್ದೆ. ಮೇ ಕೊನೆಯ ದಿನ ಅವರಿಗೆ ಶಾಲು ಹೊದಿಸಿದರು, ಹಾರ ಹಾಕಿದರು. ಮಾತಾಡಿದವರೆಲ್ಲ ಕಪ್ಪು ಚುಕ್ಕೆ ಇಲ್ಲದ ಸೇವೆ ಎಂದರು. ಆ ಮಾತು ಬಂದಾಗೆಲ್ಲ ಅಕ್ಕಾರು ನನ್ನ ಕಡೆ ನೋಡುತ್ತಿರಲಿಲ್ಲ. ಆಮೇಲೆ ಅವರು ತಾವರಗೇರಾದಲ್ಲಿದ್ದ ತಂಗಿಯ ಮನೆಗೆ ಹೋದರು. ಹಳೆಯ ಸಿಮ್ ತೆಗೆದು ಒಗೆದಿದ್ದರು. ಹೊಸ ನಂಬರ್ ಕೊಡಲಿಲ್ಲ. ಕೇಳಲು ನನಗೆ ಬಾಯಿ ಬರಲಿಲ್ಲ. ನನ್ನ ಮುಖ ನೋಡಿದರೆ ಅವರಿಗೆ ಆ ಹಸಿರು ಅಕ್ಷರಗಳೇ ನೆನಪಾಗುತ್ತವೆ ಎಂದುಕೊಂಡೆ.

ಎದುರಿನ ಮೇಜಿಗೆ ಯಾರನ್ನೂ ಹಾಕಲಿಲ್ಲ. ಹನ್ನೊಂದಕ್ಕೆ ಚಹಾ ಬರುತ್ತಿತ್ತು. ಸುಳ್ಳು ಪತ್ರಗಳೂ ಬರುತ್ತಿದ್ದವು. ಒಬ್ಬನೇ ಓದಿಕೊಂಡರೆ ಅವು ನಗು ತರಿಸುವುದಿಲ್ಲ ಎಂಬುದು ಆಗ ಗೊತ್ತಾಯಿತು.

ಆಗಸ್ಟಿನಲ್ಲಿ ಅಕ್ಕಾರ ಹೆಸರಿನಿಂದ ಮೊದಲನೆಯ ಮೇಲ್ ಬಂತು. ‘ಪ್ರಿಯ ಸ್ನೇಹಿತರೇ, ನಾನು ಲಂಡನ್ನಿನಲ್ಲಿ ಸಿಲುಕಿಕೊಂಡಿದ್ದೇನೆ.’ ಸೊಂಟ ನೋಯುತ್ತದೆಂದು ಗಂಗಾವತಿಯ ತನಕ ಒಂದು ಮದುವೆಗೂ ಬರದ ಅಕ್ಕಾರು ಲಂಡನ್ನಿನಲ್ಲಿ! ಕೋಣೆಯಲ್ಲಿ ಒಬ್ಬನೇ ಗಟ್ಟಿಯಾಗಿ ನಕ್ಕೆ. ಆಮೇಲೆ ಆ ಹೆಸರನ್ನೇ ನೋಡುತ್ತ ಕೂತೆ. ಎರಡನೆಯದರಲ್ಲಿ ಅವರು ಆಸ್ಪತ್ರೆಯಲ್ಲಿದ್ದರು. ಕನ್ನಡ ಸುಧಾರಿಸಿತ್ತು.

ಮೂರನೆಯದು ಒಂದು ಭಾನುವಾರ ಮಧ್ಯಾಹ್ನ ಬಂತು. ಅದರಲ್ಲಿ ಇದ್ದದ್ದು ಒಂದೇ ಸಾಲು. “ತಮ್ಮಾ, ಊಟ ಆತೇನ?”

ಅವರ ಹಳೆಯ ಮೇಲ್‌ಗಳಿಂದ ಎತ್ತಿದ ಸಾಲು ಅದು ಎಂದು ಈಗ ಸಲೀಸಾಗಿ ಹೇಳಬಲ್ಲೆ. ಆಗಲೂ ನನ್ನೊಳಗೆ ಯಾರೋ ಹಾಗೆ ಹೇಳುತ್ತಿದ್ದರು. ಮಧ್ಯಾಹ್ನವೆಲ್ಲ ಫೋನನ್ನು ಮಗುಚಿ ಇಟ್ಟೆ, ಎತ್ತಿದೆ, ಮತ್ತೆ ಇಟ್ಟೆ. ಸಂಜೆಗೆ ಉತ್ತರ ಬರೆದೆ. “ಆತ್ರಿ ಅಕ್ಕಾರ. ನಿಮ್ದು?”

ಹನ್ನೊಂದು ದಿನ ನಡೆಯಿತು. ಅಕ್ಕಾರ ಹೆಸರಿನ ಹಿಂದೆ ಇದ್ದವನು ಬರೆಯುತ್ತಿದ್ದದ್ದು ಕಡಿಮೆ. ಸೊಂಟ ನೋವು ಎಂದ, ಮಳೆ ಬಂತು ಎಂದ, ಹುಷಾರಾಗಿರು ಎಂದ. ನಾನೇ ಉದ್ದುದ್ದ ಬರೆದೆ. ಕಚೇರಿಯ ಸುದ್ದಿ, ಎದುರಿನ ಖಾಲಿ ಮೇಜು, ನನ್ನಿಂದ ತಪ್ಪಾಯಿತು ಎಂಬ ಮಾತು. ಅವರ ಮುಂದೆ ಆಡಲಾಗದ್ದನ್ನೆಲ್ಲ ಅವನಿಗೆ ಬರೆದೆ. ಹನ್ನೆರಡನೆಯ ದಿನ ಅವನು ಬರೆದ: “ತಮ್ಮಾ, ನಿನ್ನ ಫೋನಿಗೆ ಒಂದು ನಂಬರ್ ಬರತೈತಿ. ಕಳಿಸು.”

ನಂಬರ್ ಬಂತು. ನಾನು ಆರೂ ಅಂಕಿ ಟೈಪ್ ಮಾಡಿದ್ದೆ. ಕಳಿಸುವ ಗುಂಡಿಯ ಮೇಲೆ ಬೆರಳು ಇತ್ತು. ಗೊತ್ತಿಲ್ಲದೆ ಅಲ್ಲ, ಕಳಿಸದಿದ್ದರೆ ನಾಳೆಯಿಂದ ಮಾತು ನಿಲ್ಲುತ್ತದೆ ಎಂದು. ಆಮೇಲೆ ಏನಾಯಿತೋ, ಫೋನನ್ನು ಜೇಬಿಗೆ ಹಾಕಿ, ಬಾಗಿಲಿಗೆ ಬೀಗ ಜಡಿದು, ತಾವರಗೇರಾ ಬಸ್ ಹತ್ತಿದೆ. ಆ ಆರು ಅಂಕಿ ಕಳಿಸದೆಯೇ ಉಳಿದವು.

ಅಕ್ಕಾರು ತಂಗಿಯ ಮನೆಯ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದರು. ತೆಳ್ಳಗಾಗಿದ್ದರು. ನನ್ನನ್ನು ನೋಡಿ ಏಳಲಿಲ್ಲ, “ಬಾ” ಎಂದರು, ಅಷ್ಟೇ. ನಾನು ಫೋನು ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು ಮೊದಲಿನಿಂದ ಓದತೊಡಗಿದರು. ನಾನು ಬರೆದದ್ದನ್ನೂ ಓದಿದರು. ಬಹಳ ಹೊತ್ತು ಹಿಡಿಯಿತು. ಶೇಂಗಾದ ಸಿಪ್ಪೆ ಗಾಳಿಗೆ ಅಂಗಳದ ತುಂಬ ಹಾರಿತು.

“ನಾ ಅಲ್ಲ ಇಕಿ,” ಎಂದರು.

“ಗೊತ್ತ್ರಿ.”

“ಗೊತ್ತಿದ್ದು ಬರದಿ?”

ಅವರು ಎದ್ದು ಮೊರವನ್ನು ಒಳಗಿಟ್ಟು ಸೀರೆ ಬದಲಿಸಿಕೊಂಡು ಬಂದರು. “ನಡಿ,” ಎಂದರು. “ಎಲ್ಲಿಗ್ರಿ?” “ಕೊಪ್ಪಳಕ್ಕ. ನನ್ನ ಮಾನ ಉಳಿಸ್ಕೊಳ್ಳಾಕ ಸುಮ್ಮನಿದ್ದೆ. ನನ್ನ ಬಾಯಿ ತಗೊಂಡು ನಿನ್ನ ತಿನ್ನಾಕ ಬಂದ್ರ ಸುಮ್ಮನಿರಲ್ಲ.”

ಠಾಣೆಯಲ್ಲಿ ದೂರು ಬರೆದುಕೊಂಡವರು ನಡುವಯಸ್ಸಿನ ಅಧಿಕಾರಿ. ಅಕ್ಕಾರು ಕುರ್ಚಿಯ ತುದಿಯಲ್ಲಿ ಕೂತು, ಎಳ್ಳಮವಾಸ್ಯೆಯಿಂದ ಶುರುಮಾಡಿದರು. ಬಂಡಿ, ಎಂಟು ವರ್ಷ, ಮಾಸ್ತರರು ಬರೆದ ಆರು, ತಮ್ಮದಲ್ಲದ ಎರಡು ವರ್ಷ. ಒಂದನ್ನೂ ಬಿಡಲಿಲ್ಲ. ಅಧಿಕಾರಿ ಪೆನ್ನು ಹಿಡಿದು ಕಾಯುತ್ತಿದ್ದರು.

“ಆತ್ರಿ ಅಮ್ಮಾರ, ಅದು ಹಂಗಽ ಇರತೈತಿ ನಮ್ಮ ಕಡೆ. ಇಮೇಲ್ ಐಡಿ ಹೇಳ್ರಿ.”

ಅಷ್ಟು ವರ್ಷ ಹೊತ್ತದ್ದನ್ನು ತಂದು ಮೇಜಿನ ಮೇಲೆ ಇಟ್ಟರೆ ಅಧಿಕಾರಿ ಅದನ್ನು ಪಕ್ಕಕ್ಕೆ ಸರಿಸಿ ಮುಂದಿನ ಕಾಲಂಗೆ ಹೋಗಿದ್ದರು. ಅಕ್ಕಾರ ಮುಖದಲ್ಲಿ ಕಂಡದ್ದು ಸಮಾಧಾನವಲ್ಲ, ಅವಮಾನದಂಥದೇನೋ. “ಅದನ್ನೂ ಬರಕೊಳ್ರಿ,” ಎಂದರು ಗಟ್ಟಿಯಾಗಿ. ಅಧಿಕಾರಿ ಬರೆದುಕೊಂಡರು.

ಆಮೇಲೆ ನನ್ನ ಸರದಿ. ಅಕ್ಷರಗಳನ್ನು ಓದಿ ಹೇಳಿದ್ದು, ಆರು ಅಂಕಿಗಳನ್ನು ಓದಿದ್ದು, ಎಲ್ಲ ಹೇಳಿದೆ. ಅಧಿಕಾರಿ ನನ್ನ ಫೋನಿನಲ್ಲಿ ಆ ಹನ್ನೊಂದು ದಿನಗಳನ್ನು ಬೆರಳಿನಿಂದ ಮೇಲೆ ಸರಿಸುತ್ತ ಹೋದರು.

“ಮೊದಲ ಎರಡು ಸುಳ್ಳ ಅಂತ ನಿಮಗಽ ಗೊತ್ತಾಗೇತಿ. ಡಿಗ್ರಿ ಓದೀರಿ, ಕಚೇರ್ಯಾಗ ಅದೀರಿ. ಮೂರನೇದಕ್ಕ ಯಾಕ ಉತ್ತರ ಕೊಟ್ರಿ?”

ನಾನು ಬಾಯಿ ತೆರೆದೆ. ಅಕ್ಕಾರು ಹೋದ ಮೇಲೆ ಊಟ ಆಯಿತೇ ಎಂದು ನನ್ನನ್ನು ಕೇಳಿದವನು ಅವನೊಬ್ಬನೇ ಎಂಬ ಮಾತು ನಾಲಿಗೆಯ ತನಕ ಬಂದು ನಿಂತಿತು. ಅಧಿಕಾರಿಯ ಪೆನ್ನು ಕಾಗದದ ಮೇಲೆ ಕಾಯುತ್ತಿತ್ತು.

“ಅದನ್ನ ಬರೀಬ್ಯಾಡ್ರಿ ಸಾಹೇಬ್ರ,” ಎಂದರು ಅಕ್ಕಾರು. “ಅದು ಕೇಸಿಗೆ ಬೇಕಾಗಂಗಿಲ್ಲ.”

ಅಧಿಕಾರಿ ಅವರನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, ಪುಟ ತಿರುಗಿಸಿದರು.

ಬಸ್ ನಿಲ್ದಾಣದವರೆಗೆ ನಡೆದೇ ಹೋದೆವು. ಅವರ ಬಸ್ಸು ಮೊದಲು ಬಂತು. ಹತ್ತುವ ಮುಂಚೆ ನನ್ನ ಕೈಯಿಂದ ಪೆನ್ನು ಇಸಿದುಕೊಂಡು ಬರುವಾಗಿನ ಟಿಕೆಟ್ಟಿನ ಹಿಂದೆ ಹೊಸ ಫೋನ್ ನಂಬರ್ ಬರೆದುಕೊಟ್ಟರು. ನಾನು ಆ ನಂಬರಿಗೆ ಇನ್ನೂ ಹೆಚ್ಚು ಸಲ ಮಾಡಿಲ್ಲ. ಮಾಡಿದಾಗ ಇಬ್ಬರೂ ಮಳೆಯ ಬಗ್ಗೆ ಮಾತಾಡುತ್ತೇವೆ.

ದೂರಿನ ಒಂದು ಪ್ರತಿ ನನ್ನ ಬಳಿ ಇದೆ. ಅದರಲ್ಲಿ ಅಕ್ಕಾರ ಜನ್ಮ ದಿನಾಂಕ ಎರಡು ಕಡೆ ಎರಡು ಬಗೆಯಾಗಿ ಇದೆ, ಕೆಳಗೆ ಅವರ ಸ್ಪಷ್ಟ ಸಹಿ ಇದೆ. ನನ್ನ ಹೇಳಿಕೆ ಆರು ಸಾಲು. ಹನ್ನೊಂದು ದಿನ ನಾನು ಯಾಕೆ ಮಾತಾಡಿದೆ ಎಂಬುದು ಅದರಲ್ಲಿ ಎಲ್ಲಿಯೂ ಇಲ್ಲ.